ತೊಗರಿ ಖರೀದಿ ಲೆಕ್ಕಕ್ಕೆ ಆ್ಯಪ್ ಬಿಟ್ಟು ಇಮೇಲ್ ಹಿಡಿದೆ: ನನ್ನ ಅನುಭವ

ಡಿಸೆಂಬರ್ ಬಂತೆಂದರೆ ಕಲಬುರಗಿಯಲ್ಲಿ ಎಲ್ಲಿ ನಿಂತರೂ ತೊಗರಿಯದೇ ಮಾತು. ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಇವತ್ತಿನ ದರ ಎಷ್ಟು, ತೇವ ಎಷ್ಟಿದ್ದರೆ ತಗೊಳ್ತಾರೆ, ಲಾರಿ ಯಾವಾಗ ಬರುತ್ತೆ. ಅಂಥ ಒಂದು ಹಂಗಾಮಿಗೆ ಮುಂಚೆ ಒಂದು ರೈತ ಉತ್ಪಾದಕರ ಕಂಪನಿಯವರು ನನ್ನ ಹತ್ತಿರ ಬಂದರು. ಆಳಂದ, ಜೇವರ್ಗಿ, ಚಿಂಚೋಳಿ ಕಡೆ ಹಳ್ಳಿಗಳಲ್ಲಿ ಅವರ 11 ಖರೀದಿ ಕೇಂದ್ರಗಳಿದ್ದವು. ಒಂದೊಂದರಲ್ಲೂ ಒಬ್ಬ ಹುಡುಗ, ಒಂದು ತೂಕದ ಕಾಟಾ, ತೇವ ನೋಡುವ ಮೀಟರ್, ಒಂದು ಚೀಟಿ ಪುಸ್ತಕ. ಸಂಜೆ ಹುಡುಗರು ಫೋನಿನಲ್ಲಿ ಲೆಕ್ಕ ಹೇಳುವುದು, ಇಲ್ಲಿ ಕೂತವರು ಎಕ್ಸೆಲ್‌ಗೆ ಹಾಕುವುದು. ಹತ್ತು ಚೀಲ ಹೆಚ್ಚುಕಡಿಮೆ ಆಗದ ದಿನವೇ ಇರಲಿಲ್ಲ.

ನಾನು ಮೊದಲು ಮಾಡಿಕೊಟ್ಟಿದ್ದು ಆಂಡ್ರಾಯ್ಡ್ ಆ್ಯಪ್. ಎರಡು ತಿಂಗಳ ಕೆಲಸ. ಹಂಗಾಮಿನ ಮೊದಲ ವಾರದಲ್ಲೇ ಅದು ಕೈಕೊಟ್ಟಿತು. ಒಬ್ಬನಿಗೆ ಪಾಸ್‌ವರ್ಡ್ ಮರೆತಿತ್ತು. ಇನ್ನೊಬ್ಬ ಫೋನ್ ಬದಲಿಸಿದ್ದ. ಮತ್ತೊಬ್ಬನ ಹಳೆ ಫೋನಿಗೆ ಹೊಸ ಅಪ್‌ಡೇಟ್ ಇಳಿಯಲೇ ಇಲ್ಲ. ಕುಂಚಾವರಂ ಕಡೆ ಕಾಡಿನ ಸೀಮೆ, ಅಲ್ಲಿ ನೆಟ್‌ವರ್ಕ್ ಬಂದು ಬಂದು ಹೋಗುತ್ತೆ. ಅಲ್ಲಿನ ಹುಡುಗ ಗುಡ್ಡ ಹತ್ತಿ ಫೋನ್ ಮಾಡಿದ: "ಸರ್, ನಿಮ್ಮ ಆ್ಯಪ್ ಬರೇ ತಿರಗ್ಲತ್ತದ. ರೈತರು ಬಿಸಿಲಾಗ ನಿಂತಾರ. ನಾ ಏನ್ ಮಾಡ್ಲಿ ಹೇಳ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಅವತ್ತು ರಾತ್ರಿ ಒಂಬತ್ತಕ್ಕೆ ಅವನಿಂದ ಒಂದು ಇಮೇಲ್ ಬಂತು. ದಿನದ ಎಲ್ಲ ಚೀಟಿಗಳನ್ನೂ ಅದರಲ್ಲಿ ಟೈಪ್ ಮಾಡಿದ್ದ. ಮಧ್ಯಾಹ್ನವೇ ಕಳಿಸು ಬಟನ್ ಒತ್ತಿ ಫೋನ್ ಜೇಬಿಗೆ ಹಾಕಿದ್ದನಂತೆ. ಊರಿಗೆ ಹೋಗುವ ದಾರಿಯಲ್ಲಿ ನೆಟ್‌ವರ್ಕ್ ಸಿಕ್ಕ ಕೂಡಲೇ ಅದು ಔಟ್‌ಬಾಕ್ಸ್‌ನಿಂದ ತಾನಾಗಿ ಹೊರಟಿದೆ. ನಾನು ಎರಡು ತಿಂಗಳು ಕೂತು ಬರೆಯಲಾಗದ್ದು ಅವನ ಫೋನಿನಲ್ಲಿ ಮೊದಲಿಂದಲೇ ಇತ್ತು.

ಇಮೇಲ್ ಹುಟ್ಟಿದ್ದೇ ಲೈನ್ ಕೈಕೊಡುವ ಕಾಲದಲ್ಲಿ. 1982ರಲ್ಲಿ ಇಂಟರ್ನೆಟ್ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ, ಅಂದರೆ ಮೇಲ್ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗುವ ನಿಯಮಗಳು, ಇವತ್ತಿಗೂ ಅದರ ಬೆನ್ನೆಲುಬು. ಆಚೆ ಕಡೆಯ ಸರ್ವರ್ ಸಿಗದಿದ್ದರೆ ಮೇಲ್ ಬಿಸಾಡಬೇಡಿ, ಸರತಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸಿ ಅನ್ನುತ್ತವೆ ಅವು. 2008ರ ಆವೃತ್ತಿಯಲ್ಲಿ ಲೆಕ್ಕವೂ ಇದೆ: ಎರಡು ಪ್ರಯತ್ನಗಳ ನಡುವೆ ಕನಿಷ್ಠ 30 ನಿಮಿಷ ಬಿಡಿ, ಕೈಬಿಡುವ ಮುಂಚೆ 4-5 ದಿನವಾದರೂ ನೋಡಿ. ಇದನ್ನು ಓದಿದ ಮೇಲೆ ನನ್ನ ಆ್ಯಪ್ ಮುಚ್ಚಿಟ್ಟೆ.

ಹೊಸ ವ್ಯವಸ್ಥೆ ಹೀಗಿದೆ. ಕಂಪನಿಗೆ ಒಂದೇ ಮೇಲ್ ಖಾತೆ. ಜಿಮೇಲ್‌ನಲ್ಲಿ ವಿಳಾಸದ ಹೆಸರಾದ ಮೇಲೆ, @ ಗುರುತಿಗೆ ಮುಂಚೆ, ಪ್ಲಸ್ ಗುರುತು ಹಾಕಿ ಏನು ಬರೆದರೂ ಮೇಲ್ ಅದೇ ಡಬ್ಬಕ್ಕೆ ಬಂದು ಬೀಳುತ್ತೆ. ಹಾಗಾಗಿ ಒಂದೇ ಖಾತೆಯಿಂದ ಮೂರು ವಿಳಾಸ ಮಾಡಿದೆ. ಹುಡುಗರ ಫೋನಿನಲ್ಲಿ ಅವು "ತೊಗರಿ ಖರೀದಿ", "ಇವತ್ತಿನ ದರ", "ಲಾರಿ ಬೇಕು" ಅಂತ ಸೇವ್ ಆಗಿವೆ. ಆ್ಯಪ್‌ನಲ್ಲಿ ಬಟನ್ ಇರುತ್ತಲ್ವಾ, ಇಲ್ಲಿ ವಿಳಾಸವೇ ಬಟನ್. ದರದ ವಿಳಾಸಕ್ಕೆ ಖಾಲಿ ಮೇಲ್ ಕಳಿಸಿದರೂ ಸಾಕು, ದರ ವಾಪಸ್ ಬರುತ್ತೆ.

ಫಾರ್ಮ್‌ಗೆ ಮೇಲ್‌ಟು ಲಿಂಕ್ ಬಳಸಿದೆ, ಅಂದರೆ ಒತ್ತಿದರೆ ಹೊಸ ಮೇಲ್ ತೆರೆಯುವ ಲಿಂಕ್. ಲಿಂಕ್‌ನೊಳಗೇ ವಿಳಾಸ, ವಿಷಯ, ಒಳಗಿನ ಬರಹ ಎಲ್ಲ ತುಂಬಿಡಬಹುದು. ಅದನ್ನು ಕ್ಯೂಆರ್ ಕೋಡ್ ಮಾಡಿ ಕಾಟಾದ ಪಕ್ಕದ ಗೋಡೆಗೆ ಅಂಟಿಸಿದೆವು. ಸ್ಕ್ಯಾನ್ ಮಾಡಿದರೆ ಫೋನಿನಲ್ಲಿ ಮೇಲ್ ತೆರೆದುಕೊಳ್ಳುತ್ತೆ. ಒಳಗೆ ಐದೇ ಸಾಲು: ಚೀಟಿ, ಸದಸ್ಯ, ಚೀಲ, ತೂಕ, ತೇವ. ಮುಂದೆ ಅಂಕಿ ಬರೆದು ಕಳಿಸಿದರೆ ಮುಗೀತು.

ಆ ಮೇಲ್‌ಗಳನ್ನು ಓದುವುದು ನನ್ನ ಆಫೀಸಿನ ಹಳೆ ಲ್ಯಾಪ್‌ಟಾಪ್‌ನಲ್ಲಿ ಓಡುವ ಪೈಥಾನ್ ಪ್ರೋಗ್ರಾಂ. ಸುಮಾರು 400 ಸಾಲು. ಐಮ್ಯಾಪ್ ಅನ್ನುವ ವಿಧಾನದಿಂದ ಮೇಲ್ ತೆಗೆಯುವ, ಎಸ್‌ಎಂಟಿಪಿಯಿಂದ ಕಳಿಸುವ ಸಿದ್ಧ ಕೋಡ್ (ಲೈಬ್ರರಿ)ಗಳು ಪೈಥಾನ್ ಜೊತೆಗೇ ಬರುತ್ತವೆ, ಹೊರಗಿನಿಂದ ಏನೂ ತರಬೇಕಿಲ್ಲ. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ, ಪ್ರೋಗ್ರಾಂಗೇ ಬೇರೆ ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳಬೇಕು. ಲೆಕ್ಕ ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸ್ ಫೈಲಿಗೆ ಹೋಗುತ್ತೆ. ಆಮೇಲೆ ಉತ್ತರ: "ಚೀಟಿ 412 ದಾಖಲಾಯಿತು. 18 ಚೀಲ, 9.12 ಕ್ವಿಂಟಲ್, ತೇವ 11.5. ನಿಮ್ಮ ಕೇಂದ್ರದ ಇವತ್ತಿನ ಮೊತ್ತ 146.30 ಕ್ವಿಂಟಲ್." ಆ ಸಾಲನ್ನು ಹುಡುಗ ರೈತನಿಗೆ ಓದಿ ಹೇಳುತ್ತಾನೆ. ಆ ಹೊತ್ತಿಗೇ ತಪ್ಪು ಸಿಕ್ಕಿಬಿಡುತ್ತೆ. ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ.

ಕೆಲವರು ಅಂಕಿಯನ್ನು ಕನ್ನಡದಲ್ಲೇ ಬರೆದರು, ೧೮, ೯.೧೨ ಅಂತ. ಪ್ರೋಗ್ರಾಂ ಬೀಳುತ್ತೆ ಅಂದುಕೊಂಡಿದ್ದೆ. ಬೀಳಲಿಲ್ಲ. ಪೈಥಾನ್ ಕನ್ನಡದ ಅಂಕಿಯನ್ನು ಹಾಗೇ ಸಂಖ್ಯೆಯಾಗಿ ಓದುತ್ತೆ. ಅವತ್ತು ಎಷ್ಟು ಖುಷಿಯಾಯಿತೆಂದರೆ, ಮನೆಯಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ. ಕಾಡಿದ್ದು ಕನ್ನಡದಲ್ಲಿ ಬರೆದ ವಿಷಯದ (ಸಬ್ಜೆಕ್ಟ್) ಸಾಲು. ಮೇಲ್‌ನ ತಲೆಬರಹದಲ್ಲಿ (ಹೆಡರ್) ಕನ್ನಡ ಅಕ್ಷರ ಸಾಮಾನ್ಯವಾಗಿ ನೇರವಾಗಿ ಹೋಗಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿ, ಉದ್ದವಿದ್ದರೆ ತುಂಡು ತುಂಡಾಗಿ ಹೋಗುತ್ತೆ. ನಾನು ಮೊದಲ ತುಂಡನ್ನಷ್ಟೇ ಓದುತ್ತಿದ್ದೆ. ಎಲ್ಲ ತುಂಡುಗಳನ್ನೂ ಜೋಡಿಸಿದ ಮೇಲೆ ಸರಿಹೋಯಿತು.

ಈಗ ನಿಜವಾಗಿ ಏಟು ಬಿದ್ದ ಜಾಗಗಳಿಗೆ ಬರುತ್ತೇನೆ. ಯಾರಾದರೂ ಇದನ್ನು ಮಾಡುವುದಿದ್ದರೆ ಇಷ್ಟನ್ನಾದರೂ ಓದಿ.

ಮೊದಲನೆಯದು, ಒಂದೇ ಚೀಟಿ ಎರಡು ಸಲ. ಪ್ರತಿ ಮೇಲ್‌ಗೂ ಮೆಸೇಜ್-ಐಡಿ ಅಂತ ಒಂದು ಗುರುತು ಇರುತ್ತೆ. ಅದನ್ನು ನೋಡಿದರೆ ಒಂದೇ ಮೇಲ್ ಎರಡು ಸಲ ಲೆಕ್ಕಕ್ಕೆ ಬರಲ್ಲ ಅಂತ ನಾನು ನೆಮ್ಮದಿಯಾಗಿದ್ದೆ. ಆದರೆ ಹುಡುಗ ಉತ್ತರ ಬರಲಿಲ್ಲ ಅಂತ ಅದೇ ಚೀಟಿಯನ್ನು ಹೊಸದಾಗಿ ಟೈಪ್ ಮಾಡಿ ಕಳಿಸಿದ. ಹೊಸ ಮೇಲ್, ಹೊಸ ಗುರುತು. ಸಂಜೆ ನೆಟ್‌ವರ್ಕ್ ಬಂದಾಗ ಎರಡೂ ಹೊರಟವು, ಒಬ್ಬ ರೈತನ ತೊಗರಿ ಎರಡು ಪಟ್ಟಾಯಿತು. ಗೋದಾಮಿನಲ್ಲಿ ಚೀಲ ಎಣಿಸಿದಾಗ ಗೊತ್ತಾಯಿತು. ಅವತ್ತಿನಿಂದ ಕೇಂದ್ರದ ಹೆಸರು ಮತ್ತು ಕಾಗದದ ಚೀಟಿ ಪುಸ್ತಕದ ನಂಬರ್ ಸೇರಿಸಿ ಅದನ್ನೇ ಗುರುತು ಮಾಡಿದೆ. ಅದೇ ನಂಬರ್ ಮತ್ತೆ ಬಂದರೆ ಲೆಕ್ಕ ಸೇರಲ್ಲ, ಹಳೆ ಉತ್ತರವೇ ಮತ್ತೆ ಹೋಗುತ್ತೆ. ಈಗ ಎಷ್ಟು ಸಲ ಕಳಿಸಿದರೂ ಚಿಂತೆಯಿಲ್ಲ ಅಂತ ಹುಡುಗರಿಗೆ ಹೇಳಿದ್ದೇನೆ.

ಎರಡನೆಯದು, ಓದಿದ ಮೇಲ್, ಓದದ ಮೇಲ್. ಓದದ್ದನ್ನು ಮಾತ್ರ ಎತ್ತಿಕೊ ಅಂತ ಪ್ರೋಗ್ರಾಂಗೆ ಹೇಳಿದ್ದೆ. ಕಂಪನಿಯ ಮ್ಯಾನೇಜರ್ ಸುಮ್ನೆ ತಮ್ಮ ಫೋನಿನಲ್ಲಿ ಅದೇ ಖಾತೆ ತೆರೆದು ನಾಲ್ಕು ಮೇಲ್ ನೋಡಿದರು. ಅವು ಓದಿದ್ದಾದವು, ಪ್ರೋಗ್ರಾಂ ಬಿಟ್ಟು ಮುಂದೆ ಹೋಯಿತು. ಈಗ ಆ ಗುರುತನ್ನು ನಂಬುವುದಿಲ್ಲ. ಇನ್‌ಬಾಕ್ಸ್‌ನಲ್ಲಿದ್ದರೆ ಕೆಲಸ ಬಾಕಿ ಅಂತ ಅರ್ಥ. ಮುಗಿದದ್ದು "ಆಗಿದೆ" ಫೋಲ್ಡರ್‌ಗೆ, ಅರ್ಥವಾಗದ್ದು "ಕೈಯಿಂದ ನೋಡು" ಫೋಲ್ಡರ್‌ಗೆ. ಮ್ಯಾನೇಜರ್ ಫೋನ್ ತೆರೆದರೆ ಇಡೀ ವ್ಯವಸ್ಥೆಯ ಸ್ಥಿತಿ ಕಣ್ಣೆದುರಿಗೇ ಇರುತ್ತೆ. ಬೇರೆ ಡ್ಯಾಶ್‌ಬೋರ್ಡ್ ಮಾಡಿಕೊಡಿ ಅಂತ ಅವರು ಇವತ್ತಿನವರೆಗೂ ಕೇಳಿಲ್ಲ.

ಮೂರನೆಯದು ನನ್ನ ನಿದ್ದೆ ಕೆಡಿಸಿತು. ಬೇಳೆ ಕೊಳ್ಳುವ ಒಂದು ಕಂಪನಿ ನಮ್ಮ ವಿಳಾಸಕ್ಕೆ ಏನೋ ಕೇಳಿ ಮೇಲ್ ಮಾಡಿತ್ತು. ನನ್ನ ಪ್ರೋಗ್ರಾಂ "ಅರ್ಥವಾಗಲಿಲ್ಲ, ಮತ್ತೆ ಕಳಿಸಿ" ಅಂದಿತು. ಅವರ ಕಡೆ ತಾನಾಗಿ ಉತ್ತರಿಸುವ ವ್ಯವಸ್ಥೆ ಇತ್ತು, "ನಿಮ್ಮ ಮೇಲ್ ತಲುಪಿದೆ" ಅಂದಿತು. ಇದು ಮತ್ತೆ "ಅರ್ಥವಾಗಲಿಲ್ಲ" ಅಂದಿತು. ಇಡೀ ರಾತ್ರಿ ಎರಡು ಯಂತ್ರಗಳು ಮಾತಾಡಿಕೊಂಡವು. ಜಿಮೇಲ್‌ನ ಸಾಮಾನ್ಯ ಖಾತೆಗೆ ದಿನಕ್ಕೆ 500ರ ಮಿತಿ ಇದೆ. ಬೆಳಗ್ಗೆ ಎದ್ದಾಗ ಅದು ಮುಗಿದಿತ್ತು, ಒಂದು ದಿನ ಯಾವ ಕೇಂದ್ರಕ್ಕೂ ಉತ್ತರ ಹೋಗಲಿಲ್ಲ. ತಪ್ಪು ಪೂರ್ತಿ ನನ್ನದೇ. ಯಂತ್ರ ಕಳಿಸಿದ ಮೇಲ್‌ಗೆ ಆಟೋ-ಸಬ್ಮಿಟೆಡ್ ಅನ್ನುವ ತಲೆಬರಹ ಹಾಕಬೇಕು, ಅದಿದ್ದ ಮೇಲ್‌ಗೆ ಉತ್ತರ ಕೊಡಬಾರದು ಅಂತ 2004ರಲ್ಲೇ ನಿಯಮ ಬರೆದಿಟ್ಟಿದ್ದಾರೆ. ಈಗ ಎರಡನ್ನೂ ಪಾಲಿಸುತ್ತೇನೆ. ಎಲ್ಲರೂ ಆ ತಲೆಬರಹ ಹಾಕಲ್ಲ, ಅದಕ್ಕೇ ಒಂದು ವಿಳಾಸಕ್ಕೆ ಗಂಟೆಗೆ ಇಷ್ಟೇ ಉತ್ತರ ಅಂತ ಮಿತಿಯನ್ನೂ ಇಟ್ಟಿದ್ದೇನೆ.

ಇನ್ನು ನಂಬಿಕೆ. ಮೇಲ್‌ನಲ್ಲಿ ಕಳಿಸಿದವರ ಹೆಸರನ್ನು ಯಾರು ಬೇಕಾದರೂ ಸುಳ್ಳು ಬರೆಯಬಹುದು. ಅದಕ್ಕೆ ಕಳಿಸಿದ ಕಡೆಯ ಸರ್ವರ್ ಹಾಕುವ ಡಿಕಿಮ್ ಅನ್ನುವ ಡಿಜಿಟಲ್ ಸಹಿ ಸರಿಯಿದೆ ಅಂತ ನಮ್ಮ ಮೇಲ್ ಸರ್ವರ್ ಬರೆದಿದ್ದರೆ, ಆ ವಿಳಾಸ ನಮ್ಮ ಪಟ್ಟಿಯಲ್ಲಿದ್ದರೆ ಮಾತ್ರ ಲೆಕ್ಕಕ್ಕೆ. ಇಷ್ಟಾದರೂ ಮೇಲ್ ನೋಡಿ ಹಣ ಕೊಡುವ ವ್ಯವಸ್ಥೆ ಬೇಡ ಅಂತ ನಾನೇ ಹಟ ಹಿಡಿದೆ. ಹಣ ಗೋದಾಮಿನ ತೂಕ ನೋಡಿದ ಮೇಲೆ, ಮನುಷ್ಯರ ಸಹಿ ಬಿದ್ದ ಮೇಲೆ. ರೈತನ ಆರು ತಿಂಗಳ ದುಡಿಮೆ ಅದು.

ವಾಟ್ಸಾಪ್ ಯಾಕೆ ಬೇಡ ಅಂತ ತುಂಬ ಜನ ಕೇಳುತ್ತಾರೆ. ಹುಡುಗರು ವಾಟ್ಸಾಪ್‌ನಲ್ಲೇ ಇರುತ್ತಾರೆ, ನಿಜ. ಆದರೆ ಅದು ಒಂದು ಕಂಪನಿಯ ಮನೆ, ಬಾಗಿಲು ಅವರ ಕೈಯಲ್ಲಿ. ಇಮೇಲ್ ಹಾಗಲ್ಲ. ನಾಳೆ ಖಾತೆಯನ್ನು ಬೇರೆ ಕಡೆ ಒಯ್ದರೂ ನನ್ನ 400 ಸಾಲಿನಲ್ಲಿ ನಾಲ್ಕೈದು ಬದಲಾದರೆ ಸಾಕು. ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು, ಬರೆಯುವವರು ಇವತ್ತಿಗೂ ಕೋಡ್‌ನ ತಿದ್ದುಪಡಿಗಳನ್ನು ಇಮೇಲ್‌ನಲ್ಲೇ ಕಳಿಸಿಕೊಳ್ಳುತ್ತಾರೆ. ಅಷ್ಟು ದೊಡ್ಡ ಕೆಲಸಕ್ಕೆ ಆಗುವುದು ನಮ್ಮ ತೊಗರಿ ಚೀಟಿಗೆ ಆಗದೇ ಇರುತ್ತದೆಯೇ? ಕ್ಷಣಕ್ಷಣಕ್ಕೆ ಬದಲಾಗುವ ದರ, ಹರಾಜು, ಇಂಥದ್ದಕ್ಕೆ ಮಾತ್ರ ಇದನ್ನು ಹಚ್ಚಬೇಡಿ. ಮೇಲ್ ಬರುತ್ತೆ, ಆದರೆ ಯಾವಾಗ ಅಂತ ಮಾತು ಕೊಡಲ್ಲ.

ಒಂದು ಜನವರಿ ಮಧ್ಯಾಹ್ನ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆರಿಹೋಯಿತು. ನಾನು ಊರಲ್ಲಿರಲಿಲ್ಲ. ಆರು ಗಂಟೆ ಕಾಲ ಏನೂ ಓಡಲಿಲ್ಲ. ವಾಪಸ್ ಬಂದು ಹೆದರುತ್ತಲೇ ಆನ್ ಮಾಡಿದೆ. 93 ಮೇಲ್ ಇನ್‌ಬಾಕ್ಸ್‌ನಲ್ಲಿ ಸಾಲಾಗಿ ಕಾಯುತ್ತಿದ್ದವು. ಹತ್ತು ನಿಮಿಷದೊಳಗೆ ಎಲ್ಲವೂ "ಆಗಿದೆ" ಫೋಲ್ಡರ್‌ಗೆ ಹೋದವು. ಒಂದು ಚೀಟಿಯೂ ಕಳೆಯಲಿಲ್ಲ.

ಈ ಸಲ ಫೆಬ್ರುವರಿಯಲ್ಲಿ "ಕೈಯಿಂದ ನೋಡು" ಫೋಲ್ಡರ್‌ನಲ್ಲಿ ಆಳಂದ ಕಡೆಯ ಏಳು ಮೇಲ್ ಬಿದ್ದಿದ್ದವು. ಐದು ಸಾಲೂ ಸರಿ ಇವೆ, ಮೇಲೆ ತೊಗರಿ ಬದಲು ಕಡಲೆ ಅಂತ ಇದೆ. ಫೋನ್ ಮಾಡಿದೆ. "ಕಡ್ಲಿ ಬರ್ಲತ್ತಾವ ರೀ ಸರ್, ಇದರಾಗೇ ಹಾಕೀನಿ. ನಡೀತದಲ್ಲ?" ಅಂದ ಅಲ್ಲಿನ ಹುಡುಗ. ನಡೆಯುತ್ತೆ ಅಂದೆ. ಆ ರಾತ್ರಿ ಕಡಲೆಗೆ ಎರಡು ಸಾಲು ಕೋಡ್ ಸೇರಿಸಿ, ಆ ಏಳನ್ನೂ ಇನ್‌ಬಾಕ್ಸ್‌ಗೆ ವಾಪಸ್ ಎಳೆದು ಬಿಟ್ಟೆ.