ಜರ್ಮನಿಯಲ್ಲಿ ಓದು, ಕೆಲಸ, ಭಾಷೆ: ಮೂರನ್ನೂ ಒಂದೇ ವಾರದಲ್ಲಿ ಕೂರಿಸುವುದು ಹೇಗೆ?

ಶನಿವಾರ ಬೆಳಿಗ್ಗೆ ಆರೂವರೆ. ಸ್ಟುಟ್‌ಗಾರ್ಟ್‌ನ ಒಂದು ಬೇಕರಿಯ ಕೌಂಟರ್ ಹಿಂದೆ ನಿಂತಿದ್ದೆ. ಕೆಲಸಕ್ಕೆ ಸೇರಿ ಎರಡನೇ ದಿನ. ಒಬ್ಬ ಅಜ್ಜಿ ಬಂದು ನಾಲ್ಕು ‘ವೆಕ್ಲೆ’ ಕೇಳಿದರು. ನಾಲ್ಕು ಅಂತ ಗೊತ್ತಾಯಿತು, ವೆಕ್ಲೆ ಅಂದರೇನು? ನನ್ನ ಪುಸ್ತಕದಲ್ಲಿ ಸಣ್ಣ ಬನ್ನಿಗೆ ‘ಬ್ರೋಟ್‌ಷೆನ್’ ಅಂತ ಇತ್ತು. ಆ ಕಡೆಯ ಜನ ಮಾತಾಡುವ ಶ್ವಾಬಿಷ್‌ನಲ್ಲಿ ಅದೇ ವೆಕ್ಲೆ. ಅಜ್ಜಿ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು. ಒಂದು ಬ್ರೆಜೆಲ್ ಸೇರಿ 3 ಯೂರೊ 45 ಸೆಂಟ್ ಆಯಿತು. ನಾನು 54 ಅಂದೆ. ಜರ್ಮನ್‌ನಲ್ಲಿ ನಲವತ್ತೈದನ್ನು ‘ಐದು ಮತ್ತು ನಲವತ್ತು’ ಅನ್ನುತ್ತಾರೆ. ಗಾಬರಿಯಲ್ಲಿ ಅಂಕಿ ಅದಲುಬದಲಾಗಿತ್ತು.

ಅವತ್ತು ಸಂಜೆ ರೂಮಿಗೆ ಬಂದು 21ರಿಂದ 99ರ ತನಕ ಗಟ್ಟಿಯಾಗಿ ಹೇಳಿ ಬಾಯಿಪಾಠ ಮಾಡಿದೆ. ಕ್ಲಾಸಿನಲ್ಲಿ ವಾರಗಟ್ಟಲೆ ತಲೆಗೆ ಹತ್ತದ ಅಂಕಿಗಳು ಒಂದೇ ಸಂಜೆಗೆ ಬಂದವು. ಮುಂದಿನ ಶನಿವಾರ ಬೇಕಿದ್ದವಲ್ಲ, ಅದಕ್ಕೆ.

ಜರ್ಮನಿಗೆ ಎಂ.ಎಸ್. ಓದಲು ಹೊರಟವರು ಯಾರೇ ಕೇಳಿದರೂ ಇದನ್ನೇ ಹೇಳುತ್ತೇನೆ. ಓದು ಒಂದು, ಕೆಲಸ ಎರಡು, ಭಾಷೆ ಮೂರನೆಯದು ಅಂತ ಬೇರೆ ಇಟ್ಟರೆ ಮೂರನೆಯದಕ್ಕೆ ಸಮಯ ಸಿಗುವುದೇ ಇಲ್ಲ. ಭಾಷೆಯನ್ನು ಕೆಲಸದ ಒಳಗೇ ಹಾಕಿಬಿಡಿ.

1. ಮೊದಲು ಗಂಟೆ ಲೆಕ್ಕ

ಒಂದು ಹಾಳೆ ತೆಗೆದುಕೊಳ್ಳಿ. ವಾರಕ್ಕೆ 168 ಗಂಟೆ. ಅಲ್ಲಿ ಒಂದು ಸೆಮಿಸ್ಟರ್‌ಗೆ ಸಾಮಾನ್ಯವಾಗಿ 30 ಕ್ರೆಡಿಟ್, ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಓದು. ಅಂದರೆ ಆರು ತಿಂಗಳಿಗೆ 750ರಿಂದ 900 ಗಂಟೆ. ನಡುವೆ ಸ್ವಲ್ಪ ರಜೆ ಬಿಟ್ಟರೆ ವಾರಕ್ಕೆ ಸುಮಾರು 40 ಗಂಟೆ ಅದಕ್ಕೇ ಬೇಕು. ನಿದ್ದೆ 56. ಕೆಲಸ 20. ಅಡುಗೆ, ಪಾತ್ರೆ, ಬಟ್ಟೆ, ಓಡಾಟ ದಿನಕ್ಕೆ ನಾಲ್ಕು ಗಂಟೆಗೂ ಜಾಸ್ತಿ. ಇಷ್ಟೆಲ್ಲ ಕಳೆದರೆ ಉಳಿಯುವುದು ವಾರಕ್ಕೆ 20 ಗಂಟೆ. ಜ್ವರ, ಗೆಳೆಯರು, ಸರ್ಕಾರಿ ಪತ್ರಗಳಿಗೆ ಉತ್ತರ, ಮನೆಗೆ ಫೋನ್ ಎಲ್ಲವೂ ಇದರಲ್ಲೇ ಆಗಬೇಕು.

ಈ ಹಾಳೆಯನ್ನು ಗೋಡೆಗೆ ಅಂಟಿಸಿ. ಯಾರಾದರೂ ‘ಇನ್ನೊಂದು ಶಿಫ್ಟ್ ಮಾಡ್ತೀಯಾ’ ಅಂತ ಕೇಳಿದಾಗ ನೋಡಲು ಬೇಕಾಗುತ್ತದೆ.

2. ಮಿತಿ ತಿಳಿದು ಕೆಲಸ ಹಿಡಿಯಿರಿ

ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ನಮ್ಮದೇ ಹಣ ಇಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ಇಡುವುದು ವರ್ಷಕ್ಕೆ 11,904 ಯೂರೊ. ಕೈಗೆ ಬರುವುದು ತಿಂಗಳಿಗೆ 992. ಬಾಡಿಗೆ, ಇನ್ಶೂರೆನ್ಸ್ ಕಟ್ಟಿದ ಮೇಲೆ ಅದು ಬಿಗಿಯೇ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಫೀಸೂ ಇದೆ. ಹಾಗಾಗಿ ಕೆಲಸ ಬೇಕೇ ಬೇಕು.

ಆದರೆ ಮನಸ್ಸಿಗೆ ಬಂದಷ್ಟು ಮಾಡುವ ಹಾಗಿಲ್ಲ. 2024ರ ಮಾರ್ಚ್‌ನಿಂದ ನಮಗೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನದ ಮಿತಿ. ಯೂನಿವರ್ಸಿಟಿಯೊಳಗೇ ಪ್ರೊಫೆಸರ್ ಕೈಕೆಳಗೆ ಮಾಡುವ ‘ಹಿವಿ’ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿಗಳಲ್ಲಿ ‘ವೆರ್ಕ್‌ಸ್ಟುಡೆಂಟ್’ (ಓದುತ್ತಲೇ ದುಡಿಯುವ ವಿದ್ಯಾರ್ಥಿ) ಆದರೆ ಕ್ಲಾಸ್ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆ. ಸಂಬಳದಿಂದ ಪಿಂಚಣಿಗೆ ಶೇ 9.3 ಹಿಡಿಯುತ್ತಾರೆ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೊ. ವಾರಕ್ಕೆ ಹತ್ತು ಗಂಟೆ ದುಡಿದರೆ ತಿಂಗಳಿಗೆ ಸುಮಾರು 600 ಯೂರೊ. ಇನ್ನೊಂದು ಮಾತು: ಅನುಮತಿ ಇಲ್ಲದೆ ಫ್ರೀಲಾನ್ಸ್ ಕೆಲಸ ಮಾಡಬೇಡಿ. ವೀಸಾಕ್ಕೇ ಕುತ್ತು ಬರುತ್ತದೆ.

ಈಗ ಮುಖ್ಯ ವಿಷಯ. ಮೊದಲ ಸೆಮಿಸ್ಟರ್‌ನಲ್ಲಿ ಜರ್ಮನ್ ಮಾತಾಡಲೇಬೇಕಾದ ಕೆಲಸ ಹಿಡಿಯಿರಿ. ಬೇಕರಿ, ಕೆಫೆ, ಅಂಗಡಿ. ಗೋಡೌನ್‌ನಲ್ಲಿ ರಾತ್ರಿ ಪೆಟ್ಟಿಗೆ ಎತ್ತಿಡುವ ಕೆಲಸಕ್ಕೆ ಒಂದೆರಡು ಯೂರೊ ಜಾಸ್ತಿ ಸಿಗಬಹುದು. ಅಲ್ಲಿ ಮಾತೂ ಇಲ್ಲ, ಮರುದಿನದ ಕ್ಲಾಸೂ ಹೋಯಿತು.

3. ಎ1 ಊರಲ್ಲೇ ಮುಗಿಸಿ

ಎ1 ಅಂದರೆ ಜರ್ಮನ್ ಕಲಿಕೆಯ ಮೊದಲ ಮಟ್ಟ, ಆಮೇಲೆ ಎ2, ಬಿ1. ಬೆಂಗಳೂರಿನಲ್ಲಿರುವವರಿಗೆ ಕಲಿಯಲು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಸಾಧ್ಯವಾದರೆ ಎ2 ಕೂಡ ಮುಗಿಸಿಕೊಂಡೇ ವಿಮಾನ ಹತ್ತಿ. ಕೋರ್ಸ್ ಇಂಗ್ಲಿಷ್‌ನಲ್ಲೇ ಇದೆಯಲ್ಲ, ಜರ್ಮನ್ ಯಾಕೆ ಅನ್ನಬೇಡಿ. ಓದು ಮುಗಿದ ಮೇಲೆ ಕೆಲಸ ಹುಡುಕಲು ಸಿಗುವುದು 18 ತಿಂಗಳು. ಅಲ್ಲೇ ಓದಿದವರು ಎರಡು ವರ್ಷ ತಮ್ಮ ಓದಿಗೆ ತಕ್ಕ ಕೆಲಸ ಮಾಡಿದ ಮೇಲೆ ಕಾಯಂ ವಾಸದ ಪರವಾನಗಿ ಕೇಳಬಹುದು. ಅದಕ್ಕೆ ಬೇಕಾದ ಷರತ್ತುಗಳಲ್ಲಿ ಬಿ1 ಮಟ್ಟದ ಜರ್ಮನ್ ಒಂದು.

ಅಲ್ಲಿಗೆ ಹೋದ ಮೇಲೆ ಯೂನಿವರ್ಸಿಟಿಯ ಭಾಷಾ ಕೇಂದ್ರ, ಇಲ್ಲದಿದ್ದರೆ ಊರಿನ ‘ಫೋಲ್ಕ್ಸ್‌ಹೋಖ್‌ಶೂಲೆ’ಯ (ವಯಸ್ಕರ ಶಿಕ್ಷಣ ಕೇಂದ್ರ) ಸಂಜೆ ಕ್ಲಾಸ್ ಸೇರಿ. ಖಾಸಗಿ ಕ್ಲಾಸ್‌ಗಳಿಗಿಂತ ಅಗ್ಗ.

4. ಕನ್ನಡದ ದಾರಿಯಲ್ಲಿ ಕಲಿಯಿರಿ

ನಾನು ಒಂದು ವರ್ಷ ಜರ್ಮನ್ ಅನ್ನು ಇಂಗ್ಲಿಷ್ ಮೂಲಕ ಕಲಿತೆ. ಒಂದು ಚಳಿಗಾಲದ ಬೆಳಿಗ್ಗೆ ಬೇಕರಿಯ ಸಹೋದ್ಯೋಗಿ ಕೈ ಉಜ್ಜುತ್ತಾ ‘ಮಿಯರ್ ಇಸ್ಟ್ ಕಾಲ್ಟ್’ ಅಂದಳು. ‘ಮಿಯರ್’ ಅಂದರೆ ‘ನನಗೆ’. ನನಗೆ ಚಳಿ! ಇದು ನಮ್ಮದೇ ಮಾತಲ್ವಾ? ಇಂಗ್ಲಿಷ್‌ನಲ್ಲಿ ‘ನಾನು’ ಅಂತ ಶುರುಮಾಡಬೇಕು. ಕನ್ನಡದಲ್ಲೂ ಜರ್ಮನ್‌ನಲ್ಲೂ ಚಳಿ ಆಗುವುದು ‘ನನಗೆ’.

ಅವತ್ತಿನಿಂದ ಹುಡುಕುತ್ತಾ ಹೋದೆ. ಡಾಟಿವ್ ವಿಭಕ್ತಿ ಅಂತ ಎಲ್ಲರೂ ಹೆದರುವುದು ಎಷ್ಟೋ ಕಡೆ ನಮ್ಮ ‘ಗೆ’ ಪ್ರತ್ಯಯ. ಅಕುಸಾಟಿವ್ ಅಂದರೆ ‘ಅನ್ನು’. ‘ಝೀ’ ಮತ್ತು ‘ಡು’ ಅಂದರೆ ನೀವು, ನೀನು. ಅಂಗಡಿಯಲ್ಲಿ, ಆಫೀಸಿನಲ್ಲಿ ಯಾರಿಗೆ ಯಾವುದು ಅನ್ನುವ ಅಂದಾಜು ನಮಗೆ ಹುಟ್ಟಿನಿಂದಲೇ ಇದೆ. ‘ವೈಲ್ ಇಶ್ ಆರ್ಬೈಟನ್ ಮುಸ್’ ಅನ್ನುವುದನ್ನು ಪದಕ್ಕೆ ಪದ ಇಟ್ಟು ನೋಡಿ: ಯಾಕೆಂದರೆ, ನಾನು, ಕೆಲಸ ಮಾಡ, ಬೇಕು. ಕ್ರಿಯಾಪದ ಕೊನೆಗೆ ಬಂದು ಕೂರುವುದು ಬೇರೆಯವರಿಗೆ ಕಷ್ಟ, ನಮಗೆ ಅದೇ ಸಹಜ.

ಲಿಂಗದಲ್ಲಿ ಮಾತ್ರ ಕನ್ನಡ ಕೈಹಿಡಿಯುವುದಿಲ್ಲ. ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ನಪುಂಸಕಲಿಂಗ! ಇದಕ್ಕೆ ಬಾಯಿಪಾಠವೇ ಗತಿ. ನನ್ನ ರೂಮಿನಲ್ಲಿ ಬಣ್ಣದ ಚೀಟಿ ಅಂಟಿಸಿದ್ದೆ. ಫ್ರಿಜ್‌ಗೆ ನೀಲಿ ಅಂದರೆ ಪುಲ್ಲಿಂಗದ ‘ಡೇರ್’, ಬಾಗಿಲಿಗೆ ಕೆಂಪು ಅಂದರೆ ಸ್ತ್ರೀಲಿಂಗದ ‘ಡೀ’, ಕಿಟಕಿಗೆ ಹಸಿರು ಅಂದರೆ ನಪುಂಸಕಲಿಂಗದ ‘ಡಾಸ್’. ಹಾಲು ತೆಗೆಯುವಾಗಲೆಲ್ಲ ನೀಲಿ ಚೀಟಿ ಕಣ್ಣಿಗೆ ಬೀಳುತ್ತಿತ್ತು.

ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ದಿನವೂ ಅದೇ ಜಾಗ. ನನಗೆ ಟ್ರಾಮ್. ಹೋಗುವಾಗ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆಯವರು ನಿಧಾನವಾಗಿ ಓದುವ ಸುದ್ದಿ ಕೇಳುತ್ತಿದ್ದೆ, ಉಚಿತ. ಬರುವಾಗ ಅದರಲ್ಲಿ ಸಿಕ್ಕ ಐದು ಪದ ಬರೆಯುತ್ತಿದ್ದೆ.

5. ಪರೀಕ್ಷೆ ಹತ್ತಿರ ಬಂದಾಗ

ಚಳಿಗಾಲದ ಕ್ಲಾಸ್‌ಗಳು ಫೆಬ್ರವರಿಯಲ್ಲಿ, ಬೇಸಿಗೆಯವು ಜುಲೈನಲ್ಲಿ ಮುಗಿದು ಪರೀಕ್ಷೆ ಶುರುವಾಗುತ್ತವೆ. ಪರೀಕ್ಷೆಗೆ ಮೊದಲೇ ಹೆಸರು ನೋಂದಾಯಿಸಬೇಕು. ಒಮ್ಮೆ ಎರಡು ಶಿಫ್ಟ್ ಒಟ್ಟಿಗೆ ಒಪ್ಪಿಕೊಂಡು ಆ ಕೊನೇ ದಿನವನ್ನೇ ಮರೆತೆ. ಎಲ್ಲ ಓದಿಕೊಂಡಿದ್ದರೂ ಪರೀಕ್ಷೆ ಬರೆಯಲಾಗಲಿಲ್ಲ, ಆರು ತಿಂಗಳು ಕಾದೆ. ಆ ದುಃಖ ನಿಮಗೆ ಬೇಡ. ಸೆಮಿಸ್ಟರ್‌ನ ಮೊದಲ ವಾರವೇ ನೋಂದಣಿಯ ದಿನಾಂಕಗಳನ್ನು ಅದೇ ಗೋಡೆಯ ಹಾಳೆಯಲ್ಲಿ ಬರೆಯಿರಿ. ಹೆಚ್ಚಿನ ಕಡೆ ಒಂದು ಪರೀಕ್ಷೆಗೆ ಮೂರೇ ಅವಕಾಶ.

ಪರೀಕ್ಷೆಗೆ ಐದು ವಾರ ಇರುವಾಗಲೇ ಮ್ಯಾನೇಜರ್‌ಗೆ ಹೇಳಿ ಶಿಫ್ಟ್ ಕಡಿಮೆ ಮಾಡಿಸಿಕೊಳ್ಳಿ. ಮೊದಲೇ ಹೇಳಿದರೆ ಅಲ್ಲಿ ಯಾರೂ ಬೇಸರಪಡುವುದಿಲ್ಲ, ಕೊನೇ ಗಳಿಗೆಯಲ್ಲಿ ಹೇಳಿದರೆ ಖಂಡಿತ ಪಡುತ್ತಾರೆ. ಆ ವಾರಗಳಲ್ಲಿ ಭಾಷಾ ಕ್ಲಾಸ್ ತಪ್ಪಿದರೂ ಪರವಾಗಿಲ್ಲ. ಟ್ರಾಮ್‌ನ ಅರ್ಧ ಗಂಟೆ ಮಾತ್ರ ಬಿಡಬೇಡಿ.

6. ಭಾನುವಾರ ಖಾಲಿ ಇಡಿ

ಭಾನುವಾರ ಅಲ್ಲಿ ಸೂಪರ್ ಮಾರ್ಕೆಟ್ ಬಾಗಿಲು ಹಾಕಿರುತ್ತವೆ. ಶನಿವಾರ ಸಂಜೆಯೊಳಗೆ ತರಕಾರಿ, ಹಾಲು ತಂದಿಡಿ. ಭಾನುವಾರ ಒಂದು ಪಾತ್ರೆ ಸಾರು ಮಾಡಿದರೆ ಬುಧವಾರದ ತನಕ ಬರುತ್ತದೆ. ವಾರದಲ್ಲಿ ಬಂದ ಪತ್ರಗಳನ್ನೆಲ್ಲ ಅವತ್ತೇ ಓದಿ ಮುಗಿಸಿ.

ಆಮೇಲೆ ಮನೆಗೆ ಫೋನ್. ಅಲ್ಲಿನ ಮಧ್ಯಾಹ್ನ ಮೂರು ಅಂದರೆ ಬೇಸಿಗೆಯಲ್ಲಿ ನಮ್ಮೂರಿನ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಮ್ಮನಿಗೆ ಹಿಂದಿನ ದಿನವೇ ಹೇಳಿಡಿ. ಇಲ್ಲದಿದ್ದರೆ ಆರೂವರೆಯಿಂದ ಫೋನ್ ಕೈಯಲ್ಲಿ ಹಿಡಿದೇ ಕೂತಿರುತ್ತಾರೆ.