ಹುಡುಗಿಯ ಮನಸ್ಸು ಬೇರೆ, ಮಂದಿಯ ಮಾತು ಬೇರೆ: ಕಲಬುರಗಿ–ಯಾದಗಿರಿಯಲ್ಲಿ ರೂಢಿಯನ್ನು ಅಳೆಯುವ ಬಗೆ

ಹದಿಹರೆಯದವರ ಲಿಂಗ ಮನೋಭಾವದ ಸಮೀಕ್ಷೆ ಎಂದರೆ ಬಹಳ ಕಡೆ "ನೀನು ಒಪ್ತೀಯಾ, ಇಲ್ಲಾ?" ಎಂಬ ಪ್ರಶ್ನೆಗಳೇ ತುಂಬಿರುತ್ತವೆ. ಅದರಿಂದ ಸಿಗುವುದು ಮನೋಭಾವ ಮಾತ್ರ. ಹದಿನೆಂಟಕ್ಕೆ ಮೊದಲು ಲಗ್ನ ಬೇಡ ಎಂದು ಹುಡುಗಿಯೂ ಅವಳ ಅವ್ವನೂ ಮನಸಾರೆ ಹೇಳುವ ಮನೆಯಲ್ಲೇ ಹದಿನಾರಕ್ಕೆ ಅಕ್ಕಿಕಾಳು ಬೀಳುತ್ತದೆ. ಮಂದಿ ಏನಂತಾರೆ ಎಂಬ ಲೆಕ್ಕ ಅಲ್ಲಿ ಕೆಲಸ ಮಾಡಿರುತ್ತದೆ. ಆ ಲೆಕ್ಕವೇ ರೂಢಿ. ಅದನ್ನು ಬೇರೆಯಾಗಿಯೇ ಅಳೆಯಬೇಕು.

ಹಾಗಾಗಿ ಒಂದೊಂದು ನಡವಳಿಕೆಗೂ ನಾವು ನಾಲ್ಕು ಪ್ರಶ್ನೆ ಇಡುತ್ತೇವೆ. ಹುಡುಗಿ ಹೈಸ್ಕೂಲಿಗೆ ಬಸ್ಸಿನಲ್ಲಿ ಒಬ್ಬಳೇ ಹೋಗುವುದನ್ನೇ ತೆಗೆದುಕೊಳ್ಳಿ. ನಿನಗೆ ಇದು ಸರಿ ಅನಸ್ತದೋ ಇಲ್ಲೋ? ನಿಮ್ಮ ಓಣಿಯಾಗ ಹತ್ತು ಮನಿಯೊಳಗ ಎಷ್ಟು ಮನಿಯವರು ಹಂಗ ಕಳಸ್ತಾರ? ಹತ್ತು ಅವ್ವಂದಿರೊಳಗ ಎಷ್ಟು ಮಂದಿ ಇದು ಸರಿ ಅಂತಾರ? ಕಳಿಸಿದರ ಆ ಮನಿಗೆ ಏನಾಗ್ತದ? ಮೊದಲನೆಯದು ಸ್ವಂತ ನಂಬಿಕೆ, ಎರಡನೆಯದು ಬೇರೆಯವರು ಏನು ಮಾಡುತ್ತಾರೆಂಬ ಅಂದಾಜು, ಮೂರನೆಯದು ಬೇರೆಯವರು ಏನು ಬಯಸುತ್ತಾರೆಂಬ ಅಂದಾಜು, ನಾಲ್ಕನೆಯದು ದಂಡನೆಯ ಭಯ. ತತ್ವಜ್ಞಾನಿ ಕ್ರಿಸ್ಟಿನಾ ಬಿಕ್ಕಿಯೇರಿ ಅವರ ರೂಢಿ ಸಿದ್ಧಾಂತದಿಂದ ಬಂದ ವಿಂಗಡಣೆ ಇದು. ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ ರೂಢಿ ಅಳೆಯಲು ಮಾಡಿದ ಸ್ನ್ಯಾಪ್ ಚೌಕಟ್ಟು ಇದಕ್ಕೆ ಇನ್ನೆರಡನ್ನು ಸೇರಿಸುತ್ತದೆ: ಆ ದಂಡನೆಗೆ ಜನ ಎಷ್ಟು ಮಣಿಯುತ್ತಾರೆ, ಯಾವ ಸಂದರ್ಭದಲ್ಲಿ ರೂಢಿ ಮುರಿದರೂ ನಡೆಯುತ್ತದೆ. ಈ ಕೊನೆಯದನ್ನು ಕೇಳದೆ ಬಿಡಬೇಡಿ. "ಅಣ್ಣ ಅದೇ ಬಸ್ಸಿನಾಗ ಇದ್ದರ ನಡಿತದ" ಎಂಬ ಉತ್ತರ ಬಂದರೆ, ಕೆಲಸ ಎಲ್ಲಿಂದ ಶುರು ಮಾಡಬಹುದೆಂದು ಅಲ್ಲೇ ಗೊತ್ತಾಗುತ್ತದೆ.

"ಹತ್ತರಾಗ ಎಷ್ಟು" ಎಂದು ಬಾಯಲ್ಲಿ ಕೇಳಿದರೆ ಹನ್ನೆರಡರ ಹುಡುಗ "ಭಾಳ ಮಂದಿ" ಎಂದು ಬಿಡುತ್ತಾನೆ. ಅದಕ್ಕೇ ಹತ್ತು ತೊಗರಿ ಕಾಳು, ಎರಡು ಬಟ್ಟಲು. ಬೇಳೆ ಬೇಡ, ಇಡೀ ಕಾಳೇ ಇರಲಿ. ಅದು ಉರುಳುತ್ತದೆ, ಕೆಳಗೆ ಒಂದು ಅರಿಬಿ ಹಾಸಿ. ಒಂದೊಂದು ಕಾಳೂ ಓಣಿಯ ಒಬ್ಬೊಬ್ಬ ಅವ್ವ. ಸರಿ ಎನ್ನುವವರು ಈ ಬಟ್ಟಲಿಗೆ, ತಪ್ಪು ಎನ್ನುವವರು ಆ ಬಟ್ಟಲಿಗೆ. ಮೊದಲು ಒಂದು ಅಭ್ಯಾಸ: "ಹತ್ತು ಮನಿಯೊಳಗ ಎಷ್ಟು ಮನಿಯಾಗ ಎಮ್ಮಿ ಅದಾವ?" ಇದು ಸರಿಯಾಗಿ ಬಂದ ಮೇಲಷ್ಟೇ ಮುಂದಕ್ಕೆ. ಐದು–ಐದು ಇಟ್ಟರೆ ಬಹಳ ಸಲ ಅದರ ಅರ್ಥ ಗೊತ್ತಿಲ್ಲ ಎಂದು. ಆಗ "ಖರೇನೇ ಅರ್ಧಾ ಮಂದಿ ಏನು, ಇಲ್ಲಾ ಗೊತ್ತಾಗವಲ್ದಾ?" ಎಂದು ಕೇಳಿ, ಎರಡಕ್ಕೂ ಬೇರೆ ಬೇರೆ ಕೋಡ್ ಹಾಕಬೇಕು.

"ಮಂದಿ" ಎಂದರೆ ಯಾರು ಎನ್ನುವುದನ್ನು ನಾವೇ ಊಹಿಸಿಕೊಳ್ಳುವಂತಿಲ್ಲ. ಪ್ರಶ್ನಾವಳಿ ಬರೆಯುವ ಮೊದಲು ಏಳೆಂಟು ಹುಡುಗಿಯರ ಗುಂಪಿನಲ್ಲಿ "ಲಗ್ನದ ಮಾತು ಬಂದಾಗ ಯಾರ ಮಾತು ನಡಿತದ?" ಎಂದು ಕೇಳಿ ಹೆಸರಿಸಿದ ಸಂಬಂಧಗಳ ಪಟ್ಟಿ ಮಾಡಿ. ಸೋದರಮಾವ, ದೊಡ್ಡಪ್ಪ, ಅಜ್ಜಿ, ಲಂಬಾಣಿ ತಾಂಡಾದಲ್ಲಿ ಅದರ ಮುಖ್ಯಸ್ಥ ನಾಯಕ್ ಹೀಗೆ ಬರುತ್ತಾರೆ. ಓದಿನ ಪ್ರಶ್ನೆಗೆ ಬರುವ ಪಟ್ಟಿಯೇ ಬೇರೆ. ಒಂದೊಂದು ನಡವಳಿಕೆಗೂ ಅದರದೇ ಮಂದಿಯನ್ನು ಪ್ರಶ್ನೆಯಲ್ಲಿ ಹೆಸರಿಸಬೇಕು.

ಹೊರಗಿನ ಮಾಪಕವನ್ನು ಇದ್ದಂತೆ ಇಳಿಸಿಕೊಂಡರೆ ಕೆಡುತ್ತದೆ. ಬ್ರೆಜಿಲ್‌ನಲ್ಲಿ ಯುವಕರಿಗಾಗಿ ರೂಪುಗೊಂಡ 24 ಹೇಳಿಕೆಗಳ, ಲಿಂಗ ಮನೋಭಾವ ಅಳೆಯುವ ಜೆಮ್ ಮಾಪಕದಲ್ಲಿ ಡಯಾಪರ್ ಬದಲಿಸುವುದು, ಸ್ನಾನ ಮಾಡಿಸುವುದು, ಉಣಿಸುವುದು ತಾಯಿಯ ಹೊಣೆ ಎಂಬ ಹೇಳಿಕೆ ಇದೆ. ಒಂದರಲ್ಲಿ ಮೂರು ಕೆಲಸ. ಉಣಿಸುವುದಕ್ಕೆ ಒಪ್ಪಿ ಉಳಿದದ್ದಕ್ಕೆ ಒಪ್ಪದವರು ಏನು ಹೇಳಬೇಕು? ನಾವು ಒಂದೊಂದೇ ಕೆಲಸ ಇಡುತ್ತೇವೆ: ರೊಟ್ಟಿ ಬಡಿಯೋದು, ಭಾಂಡೆ ತಿಕ್ಕೋದು, ನೀರು ತರೋದು. "ಹುಡುಗ್ಯಾರೂ ಸಾಲಿಗಿ ಹೋಗಬೇಕು" ಎಂಬಂಥ ಹೇಳಿಕೆ ಗೋಡೆಬರಹದಲ್ಲೇ ಇದೆ, ಎಲ್ಲರೂ ಹೂಂ ಎನ್ನುತ್ತಾರೆ. ಪೂರ್ವಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಒಂದೇ ಉತ್ತರ ಕೊಟ್ಟ ಹೇಳಿಕೆಯನ್ನು ತೆಗೆದುಹಾಕಿ. ಬದಲಿಗೆ ಏನಾದರೂ ಬಿಟ್ಟುಕೊಡಬೇಕಾದ ಸನ್ನಿವೇಶ ಇಡಿ: ಶರಣಮ್ಮ ಮತ್ತು ಅವಳ ತಮ್ಮ ಇಬ್ಬರೂ ಪಾಸಾಗಿದ್ದಾರೆ, ಕಾಲೇಜಿನ ಫೀಗೆ ಒಬ್ಬರಿಗಾಗುವಷ್ಟೇ ರೊಕ್ಕ ಇದೆ, ಶರಣಮ್ಮನ ಮಾರ್ಕ್ಸ್ ಹೆಚ್ಚು. ಯಾರನ್ನು ಕಳಿಸಬೇಕು? ಯಾರನ್ನು ಕಳಿಸ್ತಾರ? ಈ ಎರಡು ಉತ್ತರಗಳ ನಡುವಿನ ಅಂತರವೇ ನಮಗೆ ಬೇಕಾದ ಮಾಹಿತಿ. ಹತ್ತರಿಂದ ಹದಿನಾಲ್ಕರ ಮಕ್ಕಳಿಗಂತೂ ಹೇಳಿಕೆಗಳಿಗಿಂತ ಚಿತ್ರವಿರುವ ಸಣ್ಣ ಕಥೆಯೇ ಸರಿ. ಕಥೆಯ ಹೆಸರುಗಳಿಂದ ಜಾತಿ, ಧರ್ಮ ಗೊತ್ತಾಗಿಬಿಡುತ್ತದೆ. ಹಾಗಾಗಿ ತಾಂಡಾಕ್ಕೊಂದು, ಮುಸ್ಲಿಂ ಓಣಿಗೊಂದು ಹೆಸರು ಬದಲಿಸಿಕೊಳ್ಳುತ್ತೇವೆ. ಕಥೆ ಮಾತ್ರ ಒಂದಕ್ಷರ ಬದಲಾಗುವುದಿಲ್ಲ. ಬೀದರಿಗೆ ಹೋದರೆ ಮರಾಠಿ, ದಖನಿ ಉರ್ದು ಪ್ರತಿಗಳೂ ಬೇಕು.

ನಾಲ್ಕು ಹಂತದ ಉತ್ತರವನ್ನು ಒಂದೇ ಸಲ ಕೇಳಬೇಡಿ. ಮೊದಲು "ಸರಿಯೋ ತಪ್ಪೋ", ಆಮೇಲೆ "ಪೂರಾ ಏನು, ಒಂದೀಟೇನು".

ಮಾದರಿಯ ಲೆಕ್ಕ ಹೀಗೆ. ಅಂದಾಜು ಐದು ಪಾಯಿಂಟ್‌ಗಿಂತ ಹೆಚ್ಚು ಆಚೀಚೆ ಆಗಬಾರದು, ವಿಶ್ವಾಸದ ಮಟ್ಟ ನೂರಕ್ಕೆ 95 ಇರಬೇಕು ಎಂದರೆ 384 ಮಕ್ಕಳು ಸಾಕೆಂದು ಪುಸ್ತಕ ಹೇಳುತ್ತದೆ. ಆದರೆ ಒಂದೇ ಊರಿನ ಮಕ್ಕಳ ಉತ್ತರ ಒಂದನ್ನೊಂದು ಹೋಲುತ್ತದೆ, ರೂಢಿಯ ವಿಷಯದಲ್ಲಿ ಇನ್ನೂ ಹೆಚ್ಚು. ಊರಿಗೆ 20 ಮಕ್ಕಳು, ಹೋಲಿಕೆಯ ಗುಣಾಂಕ 0.05 ಎಂದಿಟ್ಟುಕೊಂಡರೆ 1 + 19 × 0.05, ಅಂದರೆ 1.95 ಪಟ್ಟು: ಸುಮಾರು 750. ಹತ್ತರಲ್ಲೊಬ್ಬರು ಸಿಗುವುದಿಲ್ಲವೆಂದು ಹಿಡಿದರೆ 42 ಊರು, 840 ಮಕ್ಕಳು. ಹುಡುಗರು, ಹುಡುಗಿಯರು ಇಬ್ಬರಿಗೂ ಪ್ರತ್ಯೇಕ ಅಂದಾಜು ಬೇಕಿದ್ದರೆ ಇದರ ಎರಡು ಪಟ್ಟು.

ಶಾಲೆಯ ಹಾಜರಿ ಪುಸ್ತಕದಿಂದ ಮಕ್ಕಳನ್ನು ಆರಿಸಿದರೆ ಸಮೀಕ್ಷೆ ಅಲ್ಲೇ ವಾಲುತ್ತದೆ. ಯಾದಗಿರಿಯಲ್ಲಿ ಹತ್ತಿ ಬಿಡಿಸಲು ಹೋದವರು, ಶಾಲೆ ಬಿಟ್ಟವರು, ಮೈನೆರೆದ ಮೇಲೆ ಮನೆಯಲ್ಲೇ ಉಳಿದವರು, ಲಗ್ನವಾದವರು ಅದರಲ್ಲಿ ಇರುವುದಿಲ್ಲ. ರೂಢಿ ಬಿಗಿಯಾಗಿ ಹಿಡಿದಿರುವುದು ಅವರನ್ನೇ. ಮನೆಮನೆ ಪಟ್ಟಿ ಮಾಡಿಯೇ ಆರಿಸಬೇಕು. ಜುಲೈಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ: ಗುಳೆ ಹೋದವರು ಬಿತ್ತನೆಗೆಂದು ಊರಿಗೆ ಬಂದಿರುತ್ತಾರೆ, ಶಾಲೆಯೂ ನಡೆಯುತ್ತಿರುತ್ತದೆ. ದೀಪಾವಳಿ ದಾಟಿದರೆ ಬಾಗಿಲಿಗೆ ಬೀಗ.

ಏಕಾಂತ ಸಿಗುವುದೇ ಕಷ್ಟ. ಅವ್ವನಿಗೆ ಕಾಣುವಂತೆ, ಆದರೆ ಮಾತು ಕೇಳದಂತೆ, ಕಟ್ಟೆಯ ಮೇಲೋ ಅಂಗಳದ ಆ ತುದಿಗೋ ಕೂರಬೇಕು. ಅದೇ ಹೊತ್ತಿಗೆ ಇನ್ನೊಬ್ಬ ಕಾರ್ಯಕರ್ತೆ ಅವ್ವನಿಗೆ ಅವರ ಪಾಲಿನ ಪ್ರಶ್ನೆ ಕೇಳುತ್ತಿದ್ದರೆ ಅರ್ಧ ತಾಪತ್ರಯ ಕಳೆಯಿತು. ಯಾರಾದರೂ ಹತ್ತಿರ ಬಂದರೆ ಆಟ, ಊಟದ ಪ್ರಶ್ನೆಗಳಿಗೆ ಹೊರಳಬೇಕು. ಮೊಬೈಲಿನಲ್ಲಿ ಉತ್ತರ ತುಂಬುವ ಕೋಬೋ ಫಾರ್ಮ್‌ನಲ್ಲಿ ಆ ಪುಟ ಮೊದಲೇ ಸಿದ್ಧವಿರಲಿ. ಹುಡುಗಿಯರಿಗೆ ಹೆಣ್ಣುಮಕ್ಕಳೇ ಪ್ರಶ್ನೆ ಕೇಳಬೇಕು. ಪಾಲಕರ ಅನುಮತಿ, ಮಗುವಿನ ಒಪ್ಪಿಗೆ ಎರಡೂ ಬೇಕು, ಮಗು ಬೇಡ ಎಂದರೆ ಅಲ್ಲಿಗೆ ಮುಗಿಯಿತು. 2012ರ ಪೋಕ್ಸೋ ಕಾಯ್ದೆಯಡಿ ಲೈಂಗಿಕ ದೌರ್ಜನ್ಯ ಗೊತ್ತಾದರೆ ವರದಿ ಮಾಡಲೇಬೇಕು. ಇದನ್ನು ಒಪ್ಪಿಗೆ ಪಡೆಯುವಾಗಲೇ ಮಗುವಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಎಲ್ಲ ಮಕ್ಕಳಿಗೂ ಕೊಟ್ಟು ಬರಬೇಕು.

ವಿಶ್ಲೇಷಣೆಯಲ್ಲಿ ನಾಲ್ಕೂ ಪ್ರಶ್ನೆಗಳ ಉತ್ತರಗಳನ್ನು ಕೂಡಿಸಿ ಒಂದೇ ಅಂಕ ಮಾಡಬೇಡಿ. ಮನೋಭಾವದ ಹೇಳಿಕೆಗಳಿಗೆ ಕ್ರಾನ್‌ಬಾಕ್ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ) 0.7 ದಾಟಿದೆಯೇ ಎಂದು ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ನೋಡಿ. ರೂಢಿಯ ಉತ್ತರಗಳನ್ನು ಊರುವಾರು ಇಡಿ. ಉದಾಹರಣೆಗೆ, ಒಂದೂರಿನಲ್ಲಿ ಹುಡುಗಿ ಬಸ್ಸಿನಲ್ಲಿ ಒಬ್ಬಳೇ ಹೋಗುವುದನ್ನು ಹತ್ತಕ್ಕೆ ಎಂಟು ಅವ್ವಂದಿರು ತಾವು ಒಪ್ಪುತ್ತೇವೆ ಎಂದು ಹೇಳಿ, ಅದೇ ಊರಿನ ಹುಡುಗಿಯರು ಸರಿ ಎನ್ನುವ ಅವ್ವಂದಿರ ಬಟ್ಟಲಿಗೆ ಮೂರೇ ಕಾಳು ಇಟ್ಟಿದ್ದರೆ, ಅಲ್ಲಿ ಮನಸ್ಸು ಬದಲಿಸುವ ಭಾಷಣ ಬೇಕಿಲ್ಲ. ಆ ಎಂಟು ಮಂದಿ ಒಬ್ಬರಿಗೊಬ್ಬರು ಕಾಣುವಂತೆ ಓಣಿಯ ಸಭೆ ಕರೆಯಬೇಕು. ಇಬ್ಬರದೂ ಮೂರೇ ಆಗಿದ್ದರೆ ಕೆಲಸವೇ ಬೇರೆ.

ಹಳೆಯ ಅಂಕಿಗಳ ಜತೆ ಹೋಲಿಸುವಾಗ ಒಂದು ಎಚ್ಚರಿಕೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾದಾ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಚಾರ್ಜಿಲ್ಲ. ಅದಕ್ಕೆ ಮೊದಲಿನ "ಕಳಿಸೋದಿಲ್ಲ" ಎಂಬ ಉತ್ತರದಲ್ಲಿ ರೊಕ್ಕದ ಮಾತೂ ಬೆರೆತಿತ್ತು. ಹಾಗಾಗಿ ಬಸ್ಸಿನ ಪ್ರಶ್ನೆಯಲ್ಲಿ ಕಂಡ ಏರಿಕೆಯನ್ನೆಲ್ಲ ರೂಢಿಯ ಬದಲಾವಣೆ ಎಂದು ಬರೆಯುವ ಮೊದಲು, ಚಾರ್ಜಿಗೆ ಸಂಬಂಧವೇ ಇಲ್ಲದ ಓಣಿಯ ಅಂಗಡಿ, ಜಾತ್ರೆ, ಗೆಳತಿಯ ಮನೆಯ ಪ್ರಶ್ನೆಗಳಲ್ಲೂ ಅದೇ ಏರಿಕೆ ಇದೆಯೇ ಎಂದು ನೋಡಿಕೊಳ್ಳಿ.