ಬಳಚು ಬರಿದಾಗದಂತೆ ಊರು ಮತ್ತು ಇಲಾಖೆ ಸೇರಿ ನಿಯಮ ಕಟ್ಟುವ ಬಗೆ

ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನಲ್ಲಿ ಬಳಚು, ಅಂದರೆ ಮಂಗಳೂರಿನವರು ಮರುವಾಯಿ ಎನ್ನುವ ಎರಡು ಚಿಪ್ಪಿನ ಜಲಜೀವಿ, ದೊಡ್ಡ ವ್ಯಾಪಾರವಾದದ್ದು 1981ರಿಂದ. 1991ಕ್ಕೆ ವರ್ಷಕ್ಕೆ ಹಿಡಿಯುವ ಬಳಚು 10,000 ಟನ್ ಮುಟ್ಟಿ, 1993ರಲ್ಲಿ ಅರ್ಧಕ್ಕೆ ಕುಸಿಯಿತು. ಆಮೇಲೆ ಬಂದ ಮುಖ್ಯ ಕಟ್ಟುಪಾಡುಗಳು ಇವು: ಬೀಜ ಬಿಡುವ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹಿಡಿಯುವುದಕ್ಕೆ ರಜೆ, ಬಲೆಯ ಕಣ್ಣು ಕನಿಷ್ಠ 30 ಮಿ.ಮೀ., ರಫ್ತಿನ ಮಾಂಸ ಕಿಲೋಗೆ 1,400 ತುಂಡು ಮೀರಕೂಡದು. 2014ರಲ್ಲಿ ಅದು ಬರಿದಾಗದಂತೆ ನಡೆಯುವ ಮೀನುಗಾರಿಕೆಯನ್ನು ಗುರುತಿಸುವ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ ಸಂಸ್ಥೆಯ ಪ್ರಮಾಣಪತ್ರ ಪಡೆದ ಭಾರತದ ಮೊದಲ ಮೀನುಗಾರಿಕೆಯಾಯಿತು. ಕುಮಟಾದ ಅಘನಾಶಿನಿಯಂಥ ಅಳಿವೆಯಲ್ಲಿ ಇದೇ ದಾರಿ ಹಿಡಿಯುವುದಾದರೆ ಸಭೆಗಿಂತ ಮೊದಲು ಎಣಿಕೆ ಆಗಬೇಕು.

ಪಿವಿಸಿ ಪೈಪಿನಲ್ಲಿ 50 ಸೆಂ.ಮೀ. ಬದಿಯ ಚೌಕಟ್ಟು ಮಾಡಿ, ತೇಲದಂತೆ ಒಳಗೆ ಮರಳು ತುಂಬಿ. ಅಮಾವಾಸ್ಯೆಯ ಇಳಿತದಲ್ಲಿ, ಬಳಚು ಇರುವ ದಿಬ್ಬದ ಮೇಲೆ ಹಗ್ಗ ಎಳೆದು, ಪ್ರತಿ ಹತ್ತು ಹೆಜ್ಜೆಗೊಮ್ಮೆ ಚೌಕಟ್ಟು ಇಡಿ. ಹಗ್ಗ ಬೇಡವೆಂದರೆ ಕೈ ತಾನಾಗಿ ಬಳಚು ದಟ್ಟವಿರುವಲ್ಲಿಗೇ ಹೋಗುತ್ತದೆ, ಲೆಕ್ಕ ಉಬ್ಬುತ್ತದೆ. ಒಳಗಿನ ಮಣ್ಣನ್ನು 15 ಸೆಂ.ಮೀ. ಆಳಕ್ಕೆ ತೆಗೆದು ಜರಡಿ ಹಿಡಿದು, ಸಿಕ್ಕಿದ್ದನ್ನೆಲ್ಲ ಅಳೆದು ಬರೆಯಿರಿ. ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ.

ತಿಂಗಳಿಗೊಮ್ಮೆ ದೊಡ್ಡ ಬಳಚು 25 ಬಿಡಿಸಿ ನೋಡಿ. ಒಡಲು ಕೆನೆಯಂತೆ ಉಬ್ಬಿದ್ದರೆ ಬೀಜ, ಅಂದರೆ ಮೊಟ್ಟೆ ಅಥವಾ ವೀರ್ಯ, ತುಂಬಿದೆ. ಮುಂದಿನ ತಿಂಗಳು ತೆಳ್ಳಗೆ, ನೀರುನೀರಾಗಿದ್ದರೆ ಬಿಟ್ಟಾಗಿದೆ. ರಜೆಯ ತಿಂಗಳು ಇದರಿಂದ ತೀರ್ಮಾನವಾಗಲಿ. ಅಷ್ಟಮುಡಿಯ ತಿಂಗಳುಗಳನ್ನೇ ನಕಲು ಮಾಡಬೇಡಿ. ಮಳೆ, ನದಿ, ಉಪ್ಪಿನಂಶ ಎಲ್ಲವೂ ಬೇರೆ.

ಎಣಿಕೆಯ ಮೇಲೆ ನಿಯಮ ಕಟ್ಟಲು ಒಂದು ಸಮಿತಿ ಬೇಕು, ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರಾಗುವುದು ಒಳ್ಳೆಯದು. ಮೀನುಗಾರಿಕೆ ಇಲಾಖೆಯವರು ಪೊಲೀಸರಿಗಾಗಲಿ, ಚಿಪ್ಪು ಅಗೆಯಲು ಗುತ್ತಿಗೆ ಕೊಡುವ ಗಣಿ ಇಲಾಖೆಗಾಗಲಿ ಆದೇಶ ಕೊಡಲಾರರು. ದೋಣಿಯವರು, ಮಾಲು ಕೊಳ್ಳುವ ಏಜೆಂಟರು, ಬೇಯಿಸಿ ಬಿಡಿಸುವವರು, ವಿಜ್ಞಾನಿಗಳು ಎಲ್ಲರಿಗೂ ಜಾಗವಿರಲಿ. ಬಹಳ ಕಡೆ ತಪ್ಪುವುದು ಕಾಲ್ನಡಿಗೆಯಲ್ಲಿ ಆರಿಸುವ ಹೆಂಗಸರ ವಿಷಯದಲ್ಲಿ: ಪಟ್ಟಿಯನ್ನು ದೋಣಿ ಲೈಸೆನ್ಸಿನ ಮೇಲೆ ಮಾಡಿದರೆ ಅವರ ಹೆಸರೇ ಇರುವುದಿಲ್ಲ. ಮನೆವಾರು ಪಟ್ಟಿ ಮಾಡಿ.

ಊರಿನ ಠರಾವು ಹೊರಗಿನ ದೋಣಿಯನ್ನು ತಡೆಯದು. ಅದಕ್ಕೇ ಸರ್ಕಾರದ ಲಿಖಿತ ಆದೇಶ ಬೇಕು, ಅದರಲ್ಲಿ ಗಡಿಯ ಜಿಪಿಎಸ್ ಬಿಂದುಗಳು, ದಂಡ, ಜಪ್ತಿ ಮಾಡುವ ಅಧಿಕಾರಿ ಯಾರೆಂಬುದು ಇರಬೇಕು. ಬಲೆಯ ಕಣ್ಣನ್ನು ಹೇಗೆ ಅಳೆಯುವುದೆಂದೂ ಬರೆಸಿ: ಎಳೆದು ಅಳೆದ 30 ಮಿ.ಮೀ. ಎಂದರೆ ಒಂದು ಬದಿ 15 ಮಾತ್ರ. ಇಷ್ಟು ಬರೆಯದ ಆದೇಶ ದಡದಲ್ಲಿ ದಿನಾ ಜಗಳ ತರುತ್ತದೆ. ಕಾವಲಿನ ಯುವಕರು ಬಲೆಗೆ ಕೈ ಹಾಕದೆ ಫೋಟೊ, ಹೊತ್ತು, ದೋಣಿಯ ನಂಬರು ಮಾತ್ರ ದಾಖಲಿಸಲಿ.

ಕಾವಲಿಗಿಂತ ಗಟ್ಟಿಯಾದ ಬೀಗ ಕೊಳ್ಳುವವನ ತಕ್ಕಡಿ. ಬಿಡಿಸಿದ ಮಾಂಸ 100 ಗ್ರಾಂ ತೂಗಿ ಎಣಿಸಿ. ಅಷ್ಟಮುಡಿಯ ಮಿತಿಯ ಪ್ರಕಾರ 140 ದಾಟಿದರೆ ಮಾಲು ಸಣ್ಣದು. ಏಜೆಂಟರೆಲ್ಲ ಅದನ್ನು ವಾಪಸು ಕಳಿಸಿದರೆ ಸಣ್ಣದನ್ನು ತೆಗೆಯಲು ಯಾರಿಗೂ ಆಸಕ್ತಿ ಉಳಿಯದು. ಒಬ್ಬ ಕೊಂಡರೂ ಸಾಕು, ನಿಯಮ ಸೋರುತ್ತದೆ.

ರಜೆ ಮುರಿಯುವುದು ಹೆಚ್ಚಾಗಿ ಏಜೆಂಟರಿಂದ ಪಡೆದ ಮುಂಗಡದ ಸಾಲದಿಂದ. ಬಡ್ಡಿಯ ಒತ್ತಡವಿದ್ದವನು ರಾತ್ರಿ ಇಳಿದೇ ಇಳಿಯುತ್ತಾನೆ. ರಜೆಗೆ ಒಂದು ತಿಂಗಳು ಮುಂಚೆ ಏಜೆಂಟರನ್ನೂ ಕೂರಿಸಿ, ಆ ಅವಧಿಗೆ ವಸೂಲಿ ಇಲ್ಲವೆಂದು ನಡಾವಳಿಯಲ್ಲಿ ಸಹಿ ಪಡೆಯಿರಿ. ರಜೆ ಮುಗಿದ ದಿನ ಎಲ್ಲರೂ ಒಟ್ಟಿಗೆ ನುಗ್ಗಿದರೆ ದರ ಬೀಳುತ್ತದೆ. ಮೊದಲ ವಾರ ದಿಬ್ಬಗಳನ್ನು ಒಂದೊಂದಾಗಿ ತೆರೆದು, ದೋಣಿಗೆ ಇಷ್ಟು ಬುಟ್ಟಿ ಎಂದು ಮಿತಿ ಹಾಕಿ.

ಜರಡಿ ಹಿಡಿಯುವುದು ದಿಬ್ಬದ ಮೇಲೆಯೇ ಆಗಲಿ. ದಡಕ್ಕೆ ತಂದು ಆರಿಸಿದರೆ ಮರಿಗಳು ಬಿಸಿಲಿಗೆ ಸಾಯುತ್ತವೆ, ಉಳಿದವು ಸಿಕ್ಕಸಿಕ್ಕ ಕೆಸರಿಗೆ ಬಿದ್ದು ಹೂತುಹೋಗುತ್ತವೆ.